ಬಾಲ್ಕನಿ ತಪಾಸಣೆ ಸೇವೆಗಳು: ಕ್ಯಾಲಿಫೋರ್ನಿಯಾದ ಯಾವ ಕಟ್ಟಡಕ್ಕೆ ಯಾವುದು ಸಾಕು, ಯಾವುದು ಸಾಲದು

ಕ್ಯಾಲಿಫೋರ್ನಿಯಾದಲ್ಲಿ ಬಾಲ್ಕನಿ ತಪಾಸಣೆ ಮಾಡಿಕೊಡುತ್ತೇವೆ ಎನ್ನುವ ಕಂಪನಿಗಳಿಗೆ ಈಗ ಬರವಿಲ್ಲ. ಹೆಸರು ಏನೇ ಇರಲಿ, ಅವು ಕೊಡುವುದು ಹೆಚ್ಚುಕಡಿಮೆ ಮೂರು ಬಗೆಯ ಸೇವೆ. ಮೊದಲನೆಯದರಲ್ಲಿ ಒಬ್ಬರು ಬಂದು ಕಣ್ಣಿಗೆ ಕಂಡಷ್ಟನ್ನು ನೋಡಿ, ಫೋಟೋ ತೆಗೆದು, ರಿಪೋರ್ಟ್ ಬರೆಯುತ್ತಾರೆ. ಎರಡನೆಯದರಲ್ಲಿ ಬಾಲ್ಕನಿಯ ತಳಕ್ಕೆ ಸಣ್ಣ ತೂತು ಕೊರೆದು ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸುತ್ತಾರೆ. ಮೂರನೆಯದರಲ್ಲಿ ಎಂಜಿನಿಯರ್ ಮುಂದೆ ನಿಂತು, ಅನುಮಾನ ಬಂದ ಕಡೆ ಸ್ಟಕೊ (ಹೊರಮೈಗೆ ಬಳಿದ ಸಿಮೆಂಟ್ ಗಿಲಾವು) ಬಿಚ್ಚಿಸಿ ಮರವನ್ನೇ ಕುಕ್ಕಿ ನೋಡುತ್ತಾರೆ. ಮೂರರಲ್ಲೂ ಕೊನೆಗೆ ಕೈಗೆ ಬರುವ ಪಿಡಿಎಫ್ ಒಂದೇ ಥರ ಕಾಣುತ್ತದೆ. ಮುಖಪುಟದಲ್ಲಿ ಕಟ್ಟಡದ ಫೋಟೋ, ಕೊನೆಯ ಪುಟದಲ್ಲಿ ಸಹಿ. ಕೊಟೇಶನ್ ಹೋಲಿಸುವವರು ಎಡವುವುದು ಇಲ್ಲೇ.

ತಳ ಮುಚ್ಚಿರುವ ಮರದ ಬಾಲ್ಕನಿಗೆ ಬರೀ ಕಣ್ಣಿನ ತಪಾಸಣೆ ದುಡ್ಡು ದಂಡ. ತಳ ತೆರೆದಿದ್ದು, ಜಾಯಿಸ್ಟುಗಳೆಲ್ಲ (ನೆಲವನ್ನು ಹೊತ್ತ ಮರದ ತೊಲೆಗಳು) ಕೆಳಗಿನಿಂದಲೇ ಕಾಣುವ ಡೆಕ್ ಆದರೆ ಅದೇ ಸೇವೆ ಧಾರಾಳವಾಗಿ ಸಾಕು. ಬೋರ್‌ಸ್ಕೋಪ್ ಸೇವೆ ಬಹುಪಾಲು ಕಟ್ಟಡಗಳಿಗೆ ಸರಿಯಾದ ಆಯ್ಕೆ, ಆದರೆ ತೂತು ಎಲ್ಲಿ ಕೊರೆಯುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮೂರನೆಯದನ್ನು ಕಟ್ಟಡ ಪೂರ್ತಿ ಮಾಡಿಸುವುದು ಅತಿಯಾಯಿತು. ಎರಡನೆಯದರಲ್ಲಿ ಕೆಟ್ಟ ಸುದ್ದಿ ಬಂದ ಜಾಗಗಳಿಗಷ್ಟೇ ಅದನ್ನು ಇಟ್ಟುಕೊಳ್ಳಬೇಕು.

ಯಾಕೆ ಇಷ್ಟು ಖಡಾಖಂಡಿತ ಅಂದರೆ, ಬಾಲ್ಕನಿ ತಪಾಸಣೆಯನ್ನು ಕಡ್ಡಾಯ ಮಾಡಿದ ಕ್ಯಾಲಿಫೋರ್ನಿಯಾದ ಎರಡು ಕಾನೂನುಗಳು ಹುಟ್ಟಿದ್ದೇ ಕಣ್ಣಿಗೆ ಕಾಣದ ಹಾನಿಯಿಂದ. 2015ರ ಜೂನ್ 16ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಬರ್ಕ್ಲಿಯ ಅಪಾರ್ಟ್‌ಮೆಂಟ್ ಒಂದರ ಮೇಲಂತಸ್ತಿನ ಬಾಲ್ಕನಿ ಮುರಿದು ಆರು ಮಂದಿ ಸತ್ತರು, ಏಳು ಮಂದಿ ಗಾಯಗೊಂಡರು. ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಗೋಡೆಯಿಂದ ಹೊರಚಾಚಿದ್ದ ಜಾಯಿಸ್ಟುಗಳು ಒಳಗೊಳಗೇ ಕುಂಬಾಗಿದ್ದವು. ಹಾಗೆ ಹೊರಚಾಚಿದ ಜಾಯಿಸ್ಟಿಗೆ ಕಂಬದ ಆಸರೆ ಇರುವುದಿಲ್ಲ. ಭಾರವೆಲ್ಲ ಬಂದು ಸೇರುವುದು ಗೋಡೆಯ ಅಂಚಿನಲ್ಲಿ, ಎಳೆತ ಬೀಳುವುದು ಅಲ್ಲಿ ಜಾಯಿಸ್ಟಿನ ಮೇಲ್ಭಾಗದಲ್ಲಿ. ನೀರು ಇಳಿಯುವುದೂ ಅದೇ ಜಾಗದಲ್ಲಿ: ಬಾಗಿಲಿನ ಹೊಸ್ತಿಲ ಅಡಿಯಿಂದ, ಗೋಡೆ ಮತ್ತು ನೆಲ ಕೂಡುವ ಫ್ಲ್ಯಾಶಿಂಗಿನ (ನೀರು ತಡೆಯುವ ತಗಡಿನ ಪಟ್ಟಿ) ಸಂದಿಯಿಂದ. ಅತಿ ಹೆಚ್ಚು ಬಲ ಬೇಕಾದ ಕಡೆಯೇ ಮರ ಮೊದಲು ಕೊಳೆಯುತ್ತದೆ, ಮತ್ತು ಮೇಲೆ ಕಾಂಕ್ರೀಟ್ ಟಾಪಿಂಗ್ (ಮೇಲ್ಪದರ), ಕೆಳಗೆ ಸ್ಟಕೊ ಇರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಯಾವ ಕಟ್ಟಡ ಯಾವ ಕಾನೂನಿಗೆ ಸೇರುತ್ತದೆ ಎಂಬ ಲೆಕ್ಕ. ಕಂಪನಿಗಳ ಜಾಹೀರಾತಿನಲ್ಲಿ ಇದನ್ನು ಕಲಸಿ ಹಾಕಿರುತ್ತಾರೆ.

ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಎಸ್‌ಬಿ (ಸೆನೆಟ್ ಬಿಲ್) 721. ಮೊದಲ ತಪಾಸಣೆಗೆ ಗಡುವು 2025ರ ಜನವರಿ 1 ಎಂದಿತ್ತು, ಆಮೇಲೆ ಎಬಿ (ಅಸೆಂಬ್ಲಿ ಬಿಲ್) 2579 ಅದನ್ನು 2026ರ ಜನವರಿ 1ಕ್ಕೆ ಮುಂದೂಡಿತು. ಅಲ್ಲಿಂದ ಮುಂದೆ ಆರು ವರ್ಷಕ್ಕೊಮ್ಮೆ. ಮೂರು ಅಥವಾ ಹೆಚ್ಚು ಮನೆಗಳಿರುವ ಕಾಂಡೊಮಿನಿಯಂ ಕಟ್ಟಡಕ್ಕೆ, ಅಂದರೆ ಮನೆಗಳು ಬೇರೆ ಬೇರೆ ಮಾಲೀಕರದ್ದಾಗಿದ್ದು ಎಚ್‌ಓಎ (ಮನೆ ಮಾಲೀಕರ ಸಂಘ) ನಡೆಸುವ ಕಡೆ, ಎಸ್‌ಬಿ 326. ಅದರ ಮೊದಲ ಗಡುವು 2025ರ ಜನವರಿ 1. ಅದನ್ನು ಯಾರೂ ಮುಂದೂಡಲಿಲ್ಲ. ಅಲ್ಲಿ ಒಂಬತ್ತು ವರ್ಷಕ್ಕೊಮ್ಮೆ ತಪಾಸಣೆ. ಎರಡು ಕಾನೂನುಗಳೂ ನೋಡುವುದು ಒಂದೇ ಬಗೆಯ ಭಾಗಗಳನ್ನು: ಹೊರಗೋಡೆಯಿಂದ ಆಚೆ ಚಾಚಿದ, ನಡೆದಾಡುವ ನೆಲ ಭೂಮಿಯಿಂದ ಆರು ಅಡಿಗಿಂತ ಎತ್ತರದಲ್ಲಿರುವ, ಪೂರ್ತಿಯಾಗಿಯೋ ಬಹುಪಾಲೋ ಮರದ ಆಧಾರದ ಮೇಲೆ ನಿಂತ ಬಾಲ್ಕನಿ, ಡೆಕ್, ಹೊರಗಿನ ಮೆಟ್ಟಿಲು, ನಡೆದಾರಿ. ಜೊತೆಗೆ ಅವುಗಳ ರೇಲಿಂಗ್ ಮತ್ತು ವಾಟರ್‌ಪ್ರೂಫಿಂಗ್. ಬಾಲ್ಕನಿ ಎಂಬ ಮಾತು ಕೇಳಿ ಹೊರಗಿನ ಮೆಟ್ಟಿಲನ್ನು ಲೆಕ್ಕದಿಂದ ಕೈಬಿಟ್ಟ ಕೊಟೇಶನ್ ಬಂದರೆ ಅಲ್ಲೇ ವಾಪಸು ಕಳಿಸಿ.

ತಪಾಸಣೆ ಯಾರು ಮಾಡಬಹುದು ಎಂಬುದೂ ಬೇರೆ ಬೇರೆ. ಬಾಡಿಗೆ ಕಟ್ಟಡಕ್ಕೆ ಆರ್ಕಿಟೆಕ್ಟ್, ಸಿವಿಲ್ ಅಥವಾ ಸ್ಟ್ರಕ್ಚರಲ್ ಎಂಜಿನಿಯರ್ ಅಲ್ಲದೆ, ರಾಜ್ಯ ಕೊಡುವ ಎ, ಬಿ ಅಥವಾ ಸಿ-5 ವರ್ಗದ ಲೈಸೆನ್ಸ್ ಇದ್ದು ಬಹುಮಹಡಿ ಮರದ ಕಟ್ಟಡ ಕಟ್ಟಿದ ಐದು ವರ್ಷದ ಅನುಭವವಿರುವ ಕಂಟ್ರಾಕ್ಟರ್, ಮತ್ತು ಪ್ರಮಾಣಪತ್ರ ಪಡೆದ ಕಟ್ಟಡ ಇನ್‌ಸ್ಪೆಕ್ಟರ್ ಕೂಡ ಸಲ್ಲುತ್ತಾರೆ. ಕಾಂಡೊಗೆ ಕಂಟ್ರಾಕ್ಟರ್ ಸಲ್ಲುವುದಿಲ್ಲ. ಅಲ್ಲಿ ಆರ್ಕಿಟೆಕ್ಟ್ ಅಥವಾ ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ ಎಂದಿತ್ತು, 2024ರಲ್ಲಿ ಎಬಿ 2114 ಮೂಲಕ ಸಿವಿಲ್ ಎಂಜಿನಿಯರ್ ಸೇರಿದರು. ಒಂದೇ ದರಪಟ್ಟಿಯಲ್ಲಿ ಎರಡೂ ಕಾನೂನಿನ ತಪಾಸಣೆ ಮಾರುವ ಕಂಟ್ರಾಕ್ಟರ್ ಸಿಕ್ಕರೆ, ಕಾಂಡೊ ರಿಪೋರ್ಟಿನ ಮೇಲೆ ಯಾರ ಮೊಹರು ಬೀಳುತ್ತದೆ, ಆ ವ್ಯಕ್ತಿ ಕಟ್ಟಡಕ್ಕೆ ಬಂದು ನೋಡುತ್ತಾರಾ ಎಂದು ಬರಹದಲ್ಲೇ ಕೇಳಿ.

ದರದಲ್ಲಿ ದೊಡ್ಡ ಅಂತರ ಬರುವುದು ಸ್ಯಾಂಪಲ್ ಲೆಕ್ಕದಿಂದ. ಎಸ್‌ಬಿ 721 ಪ್ರಕಾರ ಪ್ರತಿಯೊಂದು ಬಗೆಯಲ್ಲೂ ಕನಿಷ್ಠ ಶೇಕಡಾ 15ರಷ್ಟು ನೋಡಬೇಕು. ನೂರು ಬಾಲ್ಕನಿಗೆ ಹದಿನೈದು. ಎಸ್‌ಬಿ 326 ಕೇಳುವುದು, ಸ್ಯಾಂಪಲ್ಲಿನ ಫಲಿತಾಂಶ ಎಲ್ಲಕ್ಕೂ ಹೊಂದುತ್ತದೆ ಎಂಬ ಶೇಕಡಾ 95ರ ವಿಶ್ವಾಸ, ತಪ್ಪಿನ ಅಂತರ ಹೆಚ್ಚೆಂದರೆ ಶೇಕಡಾ 5ರ ಆಚೀಚೆ. ಸಾಮಾನ್ಯ ಸಂಖ್ಯಾಶಾಸ್ತ್ರದ ಸೂತ್ರ ಹಾಕಿದರೆ ನೂರರಲ್ಲಿ 80, ಐವತ್ತರಲ್ಲಿ 45, ಇನ್ನೂರರಲ್ಲಿ 132 ನೋಡಬೇಕಾಗುತ್ತದೆ. ಇಪ್ಪತ್ತೇ ಇದ್ದರೆ ಎಲ್ಲವನ್ನೂ ನೋಡಿ ಮುಗಿಸುವುದು ವಾಸಿ. ಹಾಗಾಗಿ ಕಾಂಡೊಗೆ ಯಾರಾದರೂ ನೂರಕ್ಕೆ ಹದಿನೈದು ನೋಡುತ್ತೇವೆ ಎಂದು ಕಡಿಮೆ ದರ ಹೇಳಿದರೆ ಅವರು ಬೇರೆ ಕಾನೂನಿನ ಲೆಕ್ಕ ತಂದಿದ್ದಾರೆ ಎಂದರ್ಥ. ಬಾಡಿಗೆ ಕಟ್ಟಡದಲ್ಲಿ ಇನ್ನೊಂದು ಕೈಚಳಕವಿದೆ. ‘ಪ್ರತಿಯೊಂದು ಬಗೆ’ ಎಂಬುದನ್ನು ಮರೆತು ಬಾಲ್ಕನಿ, ಮೆಟ್ಟಿಲು, ನಡೆದಾರಿ ಎಲ್ಲವನ್ನೂ ಒಟ್ಟು ಮಾಡಿ, ಆ ಮೊತ್ತದ ಶೇಕಡಾ 15 ತೆಗೆದು, ಸುಲಭಕ್ಕೆ ಸಿಗುವ ಮೆಟ್ಟಿಲುಗಳಲ್ಲೇ ಸಂಖ್ಯೆ ತುಂಬಿಸಿಬಿಡುವುದು. ಚಾಚು ಬಾಲ್ಕನಿ ಬೇರೆ, ಕಂಬದ ಮೇಲೆ ನಿಂತದ್ದು ಬೇರೆ, ಮೆಟ್ಟಿಲು ಬೇರೆ ಎಂದು ಕೊಟೇಶನ್ನಿನಲ್ಲೇ ಬಿಡಿಸಿ ಬರೆಸಿಕೊಳ್ಳಬೇಕು.

ಇನ್ನು ಕೊರೆಯುವ ಕೆಲಸ. ಬೋರ್‌ಸ್ಕೋಪಿಗೆ ಬೇಕಾದ ತೂತು ಅರ್ಧದಿಂದ ಒಂದು ಇಂಚು. ಅದನ್ನು ಬಾಲ್ಕನಿಯ ಹೊರ ಅಂಚಿನ ಹತ್ತಿರ ಕೊರೆಯುವುದು ಸುಲಭ, ಏಣಿ ಇಡಲೂ ಆರಾಮ. ಆದರೆ ಹೊರ ಅಂಚಿನಲ್ಲಿ ಸಿಗುವ ಚಿತ್ರ ಬಹುಪಾಲು ಒಣ ಮರದ್ದೇ. ಕೊರೆಯಬೇಕಾದದ್ದು ಗೋಡೆಯ ಪಕ್ಕ, ಬಾಗಿಲಿನ ನೇರಕ್ಕೆ. ಇನ್ನೊಂದು ತೂತು ರೇಲಿಂಗಿನ ಕಟ್ಟೆ ಗೋಡೆಗೆ ಸೇರುವ ಮೂಲೆಯಲ್ಲಿ, ಏಕೆಂದರೆ ಅಲ್ಲಿ ಇರಬೇಕಾದ ಸ್ಯಾಡಲ್ ಫ್ಲ್ಯಾಶಿಂಗ್ ಇಲ್ಲದಿರುವುದು ತೀರಾ ಸಾಮಾನ್ಯ. ಮತ್ತೊಂದು, ನೀರು ಹೊರಹೋಗುವ ಸ್ಕಪ್ಪರ್ ಅಥವಾ ಡ್ರೇನ್ ಕೆಳಗೆ. ಇಲ್ಲಿ ನೆನಪಿಡಬೇಕಾದ ಸಂಗತಿ: ಜಾಯಿಸ್ಟ್ ಮತ್ತು ಜಾಯಿಸ್ಟಿನ ನಡುವಿನ ಒಂದೊಂದು ಅಂಕಣವೂ ಪ್ರತ್ಯೇಕ ಡಬ್ಬಿ. ಒಂದು ಅಂಕಣದಲ್ಲಿ ತೂರಿದ ಕ್ಯಾಮೆರಾ ಪಕ್ಕದ ಅಂಕಣವನ್ನು ತೋರಿಸುವುದಿಲ್ಲ. ಹದಿನಾರು ಇಂಚಿಗೊಂದು ಜಾಯಿಸ್ಟ್ ಇರುವ ಹತ್ತು ಅಡಿ ಬಾಲ್ಕನಿಯಲ್ಲಿ ಏಳೆಂಟು ಅಂಕಣಗಳಿರುತ್ತವೆ. ಅದಕ್ಕೆ ಒಂದೇ ತೂತು ಕೊರೆದು ‘ಹಾನಿ ಕಂಡುಬಂದಿಲ್ಲ’ ಎಂದು ಬರೆಯುವುದು ಸತ್ಯವೇ. ಕಂಡದ್ದು ಎಷ್ಟು ಎಂಬುದೇ ಪ್ರಶ್ನೆ.

ಕ್ಯಾಮೆರಾ ಒಳಗೆ ಹೋದಾಗ ನೋಡಬೇಕಾದದ್ದು ಬರೀ ಜಾಯಿಸ್ಟಿನ ಪಕ್ಕೆಯಲ್ಲ. ಲೆನ್ಸನ್ನು ಮೇಲಕ್ಕೆ ತಿರುಗಿಸಿದರೆ ಪ್ಲೈವುಡ್ಡಿನ ಕೆಳಮೈ ಕಾಣುತ್ತದೆ. ಜಾಯಿಸ್ಟಿನ ತಲೆ ಅದಕ್ಕೆ ತಾಗುವ ಗೆರೆಯ ಉದ್ದಕ್ಕೂ ಕಪ್ಪು ಕಲೆ, ಬಿಳಿ ಎಳೆಗಳಂಥ ಬೂಷ್ಟು, ಅಡ್ಡಡ್ಡ ಸೀಳಿ ಚೌಕಚೌಕವಾದ ಕಂದು ಮರ, ಪ್ಲೈವುಡ್ಡಿನಿಂದ ಕೆಳಗೆ ಇಣುಕಿರುವ ಮೊಳೆಯ ತುದಿಯಲ್ಲಿ ತುಕ್ಕಿನ ಹನಿ. ಈ ಮೊಳೆ ತುದಿಗಳು ಒಳ್ಳೆಯ ಸಾಕ್ಷಿ. ಮರ ಒಣಗಿಕೊಳ್ಳುತ್ತದೆ, ತುಕ್ಕು ಅಳಿಯುವುದಿಲ್ಲ. ಪ್ಲೈವುಡ್ ಬದಲು ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ) ಹಲಗೆ ಕಂಡರೆ ಇನ್ನೂ ಎಚ್ಚರ ಬೇಕು. ನೀರು ಕುಡಿದ ಓಎಸ್‌ಬಿ ಅಂಚಿನಲ್ಲಿ ಉಬ್ಬಿ ಪದರ ಬಿಡುತ್ತದೆ, ಮತ್ತೆ ಹಳೇ ಗಟ್ಟಿತನ ಬರುವುದಿಲ್ಲ.

ಮಾಯಿಶ್ಚರ್ ಮೀಟರ್ ಅಂಕಿಗಳನ್ನು ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ಹಾಕುವ ರೂಢಿಯಿದೆ. ಮರದಲ್ಲಿ ತೇವ ಶೇಕಡಾ 20 ದಾಟಿದರೆ ಅನುಮಾನ ಪಡಬೇಕು, 28–30ರ ಆಸುಪಾಸಿನಲ್ಲಿ ಕೊಳೆಸುವ ಶಿಲೀಂಧ್ರ ಹಾಯಾಗಿ ಬೆಳೆಯುತ್ತದೆ. ಇದು ಸರಿ. ಆದರೆ ಈ ಅಂಕಿ ಆ ದಿನದ್ದು. ಕ್ಯಾಲಿಫೋರ್ನಿಯಾದ ಒಣ ಬೇಸಿಗೆ ಕಳೆದು ಸೆಪ್ಟೆಂಬರಿನಲ್ಲಿ ಚುಚ್ಚಿದರೆ, ಚಳಿಗಾಲದ ಮಳೆಯಲ್ಲಿ ತೊಯ್ದು ಕುಂಬಾದ ಜಾಯಿಸ್ಟ್ ಕೂಡ ಒಣಮರದ ಅಂಕಿಯನ್ನೇ ತೋರಿಸಬಹುದು. ಅಂಕಿ ಹೆಚ್ಚಿದ್ದರೆ ನಂಬಿ, ಕಡಿಮೆ ಇದ್ದರೆ ನಿರಾಳವಾಗಬೇಡಿ. ತಾಮ್ರದ ಲವಣ ತುಂಬಿದ ಟ್ರೀಟೆಡ್ ಮರದಲ್ಲಿ ಮುಳ್ಳಿನ ಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಮುಳ್ಳಿಲ್ಲದ ಮೀಟರನ್ನು ಸ್ಟಕೊ ಮೇಲಿಟ್ಟರೆ ಒಳಗಿನ ತಂತಿ ಜಾಲರಿಯೇ ಅದನ್ನು ದಾರಿ ತಪ್ಪಿಸುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾ ಬಣ್ಣದ ಚಿತ್ರಗಳಿಂದ ರಿಪೋರ್ಟಿಗೆ ಕಳೆ ಕಟ್ಟುತ್ತದೆ, ಅಷ್ಟೇ ಹೆಚ್ಚಾಗಿ. ಒದ್ದೆ ಮತ್ತು ಒಣ ಭಾಗಗಳ ನಡುವೆ ತಾಪದ ಅಂತರ ಬರುವ ಹೊತ್ತಿನಲ್ಲಿ, ಉದಾಹರಣೆಗೆ ಬಿಸಿಲು ಹೋದ ಮೇಲೆ, ಹಿಡಿದರೆ ಮಾತ್ರ ಅದರಿಂದ ಪ್ರಯೋಜನ. ಅದೂ ಎಲ್ಲಿ ಕೊರೆಯಬೇಕು ಎಂದು ತೋರಿಸಲು. ಕೊರೆಯದೆ ತೀರ್ಪು ಕೊಡಲು ಅಲ್ಲ.

ಕೆಲವರು ನೀರು ನಿಲ್ಲಿಸಿ ನೋಡುವ ಪರೀಕ್ಷೆಯನ್ನೂ ಪ್ಯಾಕೇಜಿಗೆ ಸೇರಿಸುತ್ತಾರೆ. ಹೊಸ ಮೆಂಬ್ರೇನ್ (ನೀರು ಇಳಿಯದಂತೆ ಹಾಕುವ ಪದರ) ಹಾಕಿದ ಮೇಲೆ ಅದು ಒಳ್ಳೆಯದು. ಒಳಗಿನ ಸ್ಥಿತಿ ಗೊತ್ತಿಲ್ಲದ ಹಳೇ ಚಾಚು ಬಾಲ್ಕನಿಯ ಮೇಲೆ ಬೇಡ. ಒಂದು ಇಂಚು ನೀರು ಎಂದರೆ ಚದರ ಅಡಿಗೆ ಸುಮಾರು 5.2 ಪೌಂಡ್. ಅರವತ್ತು ಚದರ ಅಡಿಯ ಬಾಲ್ಕನಿಯಲ್ಲಿ ಎರಡು ಇಂಚು ನಿಲ್ಲಿಸಿದರೆ 620 ಪೌಂಡಿನ ಹೊರೆ, ಜೊತೆಗೆ ಕುಂಬಾದ ಮರಕ್ಕೆ ಇನ್ನಷ್ಟು ನೀರು.

ಕೊರೆದ ತೂತನ್ನು ಮುಚ್ಚುವ ವಿಷಯಕ್ಕೆ ಕೊಟೇಶನ್ನಿನಲ್ಲಿ ಅರ್ಧ ಸಾಲೂ ಇರುವುದಿಲ್ಲ. ಇದೇ ಈ ಸೇವೆಗಳ ದೊಡ್ಡ ಕೊರತೆ. ಬಾಲ್ಕನಿ ತಳ ಒಂದು ಗಂಟೆ ಬೆಂಕಿ ತಡೆಯುವ ರಚನೆಯಾಗಿದ್ದರೆ ಪ್ಲಾಸ್ಟಿಕ್ ಬಿರಡೆ ತುರುಕಿ ಹೋಗುವುದು ತಪ್ಪು. ಅಲ್ಲಿಗೆ ಬೆಂಕಿ ತಡೆಗೆ ತಕ್ಕ ತುಂಬುವಿಕೆ ಬೇಕು. ಆ ತೂತಿಗೇ ಜಾಲರಿ ಕೂರಿಸಿ ಗಾಳಿ ಆಡಲು ಬಿಡುತ್ತೇವೆ ಎಂದು ಹೇಳುವವರೂ ಇದ್ದಾರೆ. ಮಳೆಗೆ ಒಡ್ಡಿದ ಮುಚ್ಚಿದ ತಳಕ್ಕೆ ಈಗಿನ ಕಟ್ಟಡ ನಿಯಮ ಕೇಳುವ ಗಾಳಿಕಂಡಿ ಪ್ರತಿ ಅಂಕಣದ ವಿಸ್ತೀರ್ಣದ 150ರಲ್ಲಿ ಒಂದು ಪಾಲು. ಅರವತ್ತು ಚದರ ಅಡಿಗೆ ಒಟ್ಟು 57 ಚದರ ಇಂಚಿನ ಮೇಲಾಯಿತು. ಒಂದು ಇಂಚಿನ ತೂತು ಕೊಡುವುದು ಮುಕ್ಕಾಲು ಚದರ ಇಂಚಿಗಿಂತ ತುಸು ಹೆಚ್ಚು, ಅದರ ಮೇಲೆ ಜಾಲರಿ ಬೇರೆ. ಗಾಳಿಕಂಡಿ ಬೇಕಿದ್ದರೆ ಅದನ್ನು ಬೇರೆ ಕೆಲಸವಾಗಿ ಸರಿಯಾಗಿ ಮಾಡಿಸಬೇಕು.

ರೇಲಿಂಗ್ ವಿಚಾರದಲ್ಲಿ ಹೆಚ್ಚಿನ ಇನ್‌ಸ್ಪೆಕ್ಟರುಗಳು ಚೆನ್ನಾಗಿಯೇ ಕೆಲಸ ಮಾಡುತ್ತಾರೆ, ಯಾಕೆಂದರೆ ಅದು ಅಳೆಯಲು ಸಿಗುವ ವಸ್ತು. ಎತ್ತರ 42 ಇಂಚು, ಸಂದಿಯಲ್ಲಿ ನಾಲ್ಕು ಇಂಚಿನ ಗುಂಡು ತೂರಬಾರದು, ಮೇಲ್ಗಂಬಿ ಒಂದು ಕಡೆ 200 ಪೌಂಡ್ ತಳ್ಳುವಿಕೆಯನ್ನು ತಾಳಬೇಕು. ತಪ್ಪಿಹೋಗುವುದು ಎರಡು. ಹಳೆಯ ನೆಲದ ಮೇಲೆ ಹೊಸ ಟೈಲು ಅಥವಾ ಕೋಟಿಂಗ್ ಹಾಕಿದಾಗ ನೆಲ ಏರಿ ರೇಲಿಂಗ್ ಆ ಮಟ್ಟಿಗೆ ಗಿಡ್ಡವಾಗಿರುತ್ತದೆ. ಇನ್ನು ನೆಲದ ಮೇಲೆ ತಟ್ಟೆ ಇಟ್ಟು ಸ್ಕ್ರೂ ಬಿಗಿದ ಕಂಬಗಳಲ್ಲಿ ಪ್ರತಿ ಸ್ಕ್ರೂ ಮೆಂಬ್ರೇನಿಗೆ ಒಂದು ತೂತು. ಕಂಬ ಅಲುಗಾಡಿದರೆ ಸ್ಕ್ರೂ ಬಿಗಿಸಿ ಹೋಗುವವರು ಆ ತೂತಿನ ಕೆಳಗಿನ ಮರ ಹೇಗಿದೆ ಎಂದು ನೋಡಬೇಕಿತ್ತು.

ಕಂಬಗಳ ಮೇಲೆ ನಿಂತ, ಒಂದು ಬದಿ ಲೆಡ್ಜರ್ ಹಲಗೆಯಿಂದ ಗೋಡೆಗೆ ಹೊಂದಿಸಿದ ಡೆಕ್‌ಗಳ ರೋಗ ಬೇರೆ. ಅಲ್ಲಿ ಲೆಡ್ಜರನ್ನು ಬೋಲ್ಟ್ ಅಥವಾ ಲ್ಯಾಗ್ ಸ್ಕ್ರೂ ಬದಲು ಬರೀ ಮೊಳೆಯಲ್ಲಿ ಹೊಡೆದಿದ್ದಾರಾ, ಲೆಡ್ಜರಿನ ಮೇಲೆ ಫ್ಲ್ಯಾಶಿಂಗ್ ಇದೆಯಾ, ಜಾಯಿಸ್ಟ್ ಹ್ಯಾಂಗರುಗಳಿಗೆ (ಜಾಯಿಸ್ಟಿನ ತುದಿ ಹಿಡಿಯುವ ಲೋಹದ ತುಂಡು) ಇರುವ ತೂತಿಗೆಲ್ಲ ಮೊಳೆ ಬಿದ್ದಿದೆಯಾ, ಟ್ರೀಟೆಡ್ ಮರಕ್ಕೆ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಮೊಳೆ ಹಾಕಿದ್ದಾರಾ ಎಂದು ನೋಡಬೇಕು. ಸಾದಾ ಉಕ್ಕಿನ ಮೊಳೆಯನ್ನು ಆ ಮರದ ತಾಮ್ರ ತಿಂದು ಹಾಕುತ್ತದೆ. ಇದೆಲ್ಲ ಟಾರ್ಚ್ ಹಿಡಿದರೆ ಕಾಣುವಂಥದ್ದು, ಆದ್ದರಿಂದ ಇಲ್ಲಿ ಮೊದಲನೇ ಬಗೆಯ ಸೇವೆಗೆ ಪೂರ್ತಿ ಅಂಕ. ಹೊರಗಿನ ಮೆಟ್ಟಿಲಲ್ಲಿ ಕಾಂಕ್ರೀಟ್ ಹಾಸನ್ನು ಹೊತ್ತ ಉಕ್ಕಿನ ಎಲ್ ಆಕಾರದ ಪಟ್ಟಿಗಳು ಮರದ ಸ್ಟ್ರಿಂಗರಿಗೆ (ಮೆಟ್ಟಿಲನ್ನು ಹೊತ್ತ ಓರೆ ತೊಲೆ) ಕೂಡುವ ಲ್ಯಾಗ್ ಸ್ಕ್ರೂಗಳೇ ಮುಖ್ಯ. ಪಟ್ಟಿಗೆ ಬಣ್ಣ ಬಳಿದಿದ್ದರೂ ಸ್ಕ್ರೂ ಸುತ್ತ ಮರ ಮೆತ್ತಗಾಗಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಕುಕ್ಕಿದರೆ ಗೊತ್ತಾಗುತ್ತದೆ.

ರಿಪೋರ್ಟ್ ಕೈಗೆ ಬಂದಾಗ ಮೊದಲು ತಿರುವಿ ನೋಡಬೇಕಾದದ್ದು ನಕ್ಷೆ. ಯಾವ ಬಾಲ್ಕನಿ, ಅದರಲ್ಲಿ ಎಷ್ಟು ತೂತು, ಗೋಡೆಯಿಂದ ಎಷ್ಟು ಇಂಚು ದೂರ, ಆ ತೂತಿನ ಫೋಟೋ ಯಾವುದು ಎಂಬುದು ಹೊಂದಿಕೆಯಾಗಬೇಕು. ಇದಿಲ್ಲದ ರಿಪೋರ್ಟನ್ನು ಆರು ವರ್ಷದ ನಂತರ ಬರುವ ಇನ್‌ಸ್ಪೆಕ್ಟರ್ ಯಾವುದಕ್ಕೂ ಬಳಸಲಾಗುವುದಿಲ್ಲ. ಎಸ್‌ಬಿ 326 ರಿಪೋರ್ಟಿನಲ್ಲಿ ಸದ್ಯದ ಸ್ಥಿತಿಯ ಜೊತೆಗೆ ಮುಂದಿನ ಕಾರ್ಯಕ್ಷಮತೆ ಮತ್ತು ಉಳಿದ ಬಾಳಿಕೆಯ ಅಂದಾಜೂ ಇರಲೇಬೇಕು, ಏಕೆಂದರೆ ಅದು ಎಚ್‌ಓಎಯ ರಿಸರ್ವ್ ಸ್ಟಡಿಗೆ (ಮುಂದಿನ ದುರಸ್ತಿಗಳಿಗೆ ಎಷ್ಟು ಹಣ ಕೂಡಿಡಬೇಕು ಎಂಬ ಲೆಕ್ಕ) ಸೇರುತ್ತದೆ. ಪಶ್ಚಿಮದ ಬಿಸಿಲಿಗೆ ಒಡ್ಡಿದ ಬಾಲ್ಕನಿಗೂ ನೆರಳಿನ ನಡೆದಾರಿಗೂ ಒಂದೇ ವರ್ಷ ಬರೆದಿದ್ದರೆ ಯಾರೂ ಕೂತು ಯೋಚಿಸಿಲ್ಲ ಎಂದು ತಿಳಿಯಿರಿ. ಪ್ರತಿ ಜಾಗಕ್ಕೂ ‘ಹೆಚ್ಚಿನ ಪರಿಶೀಲನೆ ಸೂಕ್ತ’ ಎಂದು ಬರೆದು ಕೈ ತೊಳೆದುಕೊಳ್ಳುವ ರಿಪೋರ್ಟಿಗೂ ಇದೇ ಮಾತು.

ಗಡುವುಗಳು ಮಾಲೀಕರ ತಲೆಗೆ ಬರುವ ಜಾಗ ಇದು. ಎಸ್‌ಬಿ 721ರಲ್ಲಿ ತಪಾಸಣೆ ಮುಗಿದ 45 ದಿನದೊಳಗೆ ರಿಪೋರ್ಟ್ ಮಾಲೀಕರಿಗೆ ಸಿಗಬೇಕು. ತಕ್ಷಣದ ಅಪಾಯ ಎಂದಿದ್ದರೆ ರಿಪೋರ್ಟ್ ಮುಗಿದ 15 ದಿನದೊಳಗೆ ಮಾಲೀಕರಿಗೂ ಸ್ಥಳೀಯ ಕಟ್ಟಡ ಇಲಾಖೆಗೂ ಪ್ರತಿ ಹೋಗುತ್ತದೆ. ಬಾಲ್ಕನಿಗೆ ಜನ ಹೋಗದಂತೆ ಕೂಡಲೇ ತಡೆಯಬೇಕು. ತುರ್ತಲ್ಲದ ದುರಸ್ತಿಗೆ ಪರ್ಮಿಟ್ ಅರ್ಜಿ ಹಾಕಲು 120 ದಿನ, ಪರ್ಮಿಟ್ ಸಿಕ್ಕ ಮೇಲೆ ಕೆಲಸ ಮುಗಿಸಲು 120 ದಿನ. ಸುಮ್ಮನೆ ಕೂತರೆ ದಿನಕ್ಕೆ 100ರಿಂದ 500 ಡಾಲರ್ ದಂಡ ಬೀಳಬಹುದು. ಒಳ್ಳೆಯ ಸೇವೆ ಈ ದಿನಾಂಕಗಳನ್ನು ರಿಪೋರ್ಟಿನ ಮೊದಲ ಪುಟದಲ್ಲೇ ಬರೆದುಕೊಡುತ್ತದೆ.

ತಪಾಸಣೆ ಅಗ್ಗಕ್ಕೆ ಮಾಡಿ ದುರಸ್ತಿಯಲ್ಲಿ ಗಿಟ್ಟಿಸಿಕೊಳ್ಳುವ ಲೆಕ್ಕಾಚಾರದವರಿಗೆ ನಮ್ಮ ಕಡೆಯಿಂದ ಅಂಕವಿಲ್ಲ. ನೋಡುವವರು ಒಬ್ಬರು, ರಿಪೇರಿ ಮಾಡುವವರು ಇನ್ನೊಬ್ಬರು, ದುರಸ್ತಿ ಸರಿಯಾಯಿತೇ ಎಂದು ಮೆಂಬ್ರೇನ್ ಮುಚ್ಚುವ ಮೊದಲೇ ಬಂದು ನೋಡುವವರು ಮತ್ತೆ ಮೊದಲಿನವರು. ಈ ಮರುಭೇಟಿ ಕೊಟೇಶನ್ನಿನಲ್ಲಿ ಸೇರಿದೆಯೇ ಎಂದು ಕೇಳಿ. ಟಾಪಿಂಗ್ ಸುರಿದ ಮೇಲೆ ಬಂದರೆ, ಬಾಗಿಲಿಂದ ಆಚೆಗೆ ಅಡಿಗೆ ಕಾಲು ಇಂಚಿನ ಇಳಿಜಾರು ಇದೆಯೇ ಎಂಬುದಷ್ಟೇ ಉಳಿದಿರುತ್ತದೆ.

ಒಂಟಿ ಮನೆ ಮತ್ತು ಎರಡು ಮನೆಯ ಡ್ಯೂಪ್ಲೆಕ್ಸ್ ಈ ಎರಡೂ ಕಾನೂನಿಗೆ ಸಿಗುವುದಿಲ್ಲ. ಪೂರ್ತಿ ಕಾಂಕ್ರೀಟ್ ಅಥವಾ ಉಕ್ಕಿನ ಬಾಲ್ಕನಿಗಳೂ ಸಿಗುವುದಿಲ್ಲ. ಅಂಥವರಿಗೆ ‘ಎಸ್‌ಬಿ ಸರ್ಟಿಫಿಕೇಟ್’ ಮಾರಲು ಬಂದರೆ ಬೇಡ ಎನ್ನಿ. ಆದರೆ ಡ್ಯೂಪ್ಲೆಕ್ಸಿನ ಮೇಲ್ಮಹಡಿಯಲ್ಲಿ ತಳ ಮುಚ್ಚಿದ ಚಾಚು ಬಾಲ್ಕನಿಯಿದ್ದರೆ ಬೋರ್‌ಸ್ಕೋಪ್ ತಪಾಸಣೆ ಮಾಡಿಸುವುದು ಸರಿ, ಎರಡು ಮೂರು ತೂತು ಸಾಕು, ಸ್ಯಾಂಪಲ್ ಲೆಕ್ಕದ ರಗಳೆಯಿಲ್ಲ. ಕಾಂಕ್ರೀಟ್ ಬಾಲ್ಕನಿಗೆ ಬೋರ್‌ಸ್ಕೋಪ್ ಕೆಲಸಕ್ಕೆ ಬಾರದು. ಅಲ್ಲಿ ಸುತ್ತಿಗೆಯಿಂದ ತಟ್ಟಿ ಪೊಳ್ಳು ಸದ್ದು ಕೇಳುವುದು, ತಳದಲ್ಲಿ ಕಂಬಿಯ ನೇರಕ್ಕೆ ಓಡಿದ ಬಿರುಕು ಮತ್ತು ತುಕ್ಕಿನ ಗೆರೆ ಹುಡುಕುವುದು, ಚಾಚಿದ ಕಾಂಕ್ರೀಟ್ ಚಪ್ಪಡಿಯಾದರೆ ಗೋಡೆಯ ಅಂಚಿನಲ್ಲಿ ಮೇಲ್ಮೈ ಬಿರುಕನ್ನು ಮೊದಲು ನೋಡುವುದು, ಏಕೆಂದರೆ ಅದರ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿರುತ್ತವೆ. ಅದಕ್ಕೆ ಬೇರೆ ಕೌಶಲ ಬೇಕು, ಮರದ ಬಾಲ್ಕನಿ ನೋಡುವ ತಂಡವನ್ನೇ ಕರೆಸಬೇಡಿ.